ಬೇರು ತೊಳೆದ ನೀರು

ಗಜೇಂದ್ರಗಡದ ಕಾಲಕಾಲೇಶ್ವರನ ಗುಡಿಗೆ ಮೆಟ್ಟಿಲು ಹತ್ತಿ ಹೋದವರು ದೇವರಿಗೆ ಕೈಮುಗಿದ ಮೇಲೆ ತಪ್ಪದೆ ಇನ್ನೊಂದು ಕಡೆ ಹೋಗಿ ನಿಲ್ಲುತ್ತಾರೆ. ಅದು ಅಂತರಗಂಗೆ. ಗುಡಿಯ ದಕ್ಷಿಣದ ಗೋಡೆಯ ಬದಿಗಿರುವ ಮರದ ಬೇರುಗಳಿಂದ ನೀರು ಜಿನುಗಿ ಸಣ್ಣ ಹೊಂಡಕ್ಕೆ ಇಳಿಯುತ್ತದೆ. ಕೆಳಗೆ ಎರೆಹೊಲ ಬಿರುಕು ಬಿಟ್ಟ ಬೇಸಿಗೆಯಲ್ಲೂ ಈ ಜಿನುಗು ನಿಲ್ಲುವುದಿಲ್ಲ. ನಮ್ಮ ಸೀಮೆಯ ಜನ ಅದನ್ನು ಗಂಗೆಯೆಂದು ಕರೆದದ್ದು ಸುಮ್ಮನೆ ಅಲ್ಲ.

ಇದೇ ಹೆಸರನ್ನು ಕನ್ನಡಿಗರು ಇನ್ನೊಂದಕ್ಕೂ ಇಟ್ಟಿದ್ದಾರೆ. ಕೊಳಚೆ ಸೇರಿದ ಕೆರೆಯ ಮೇಲೆ ತೇಲುತ್ತ ಹಬ್ಬುವ ಹಸಿರು ಕಳೆಯೂ ಅಂತರಗಂಗೆಯೇ. ಮೊದಲನೆಯ ಅಂತರಗಂಗೆಯನ್ನು ತಲೆಗೆ ಪ್ರೋಕ್ಷಿಸಿಕೊಳ್ಳುತ್ತೇವೆ. ಎರಡನೆಯದನ್ನು ಕಂಡರೆ ಮೂಗು ಮುಚ್ಚಿಕೊಂಡು ಮುಂದೆ ನಡೆಯುತ್ತೇವೆ. ಕೆರೆ ಕೆಡಿಸಿದ್ದು ಈ ಕಳೆ ಎಂದೇ ನಮ್ಮ ತಿಳಿವಳಿಕೆ. ಆದರೆ ಕೆರೆ ಕೆಟ್ಟದ್ದು ಮೊದಲು, ಕಳೆ ಬಂದದ್ದು ಆಮೇಲೆ. ತೇಲುವ ಅಂತರಗಂಗೆ, ಅಂಚಿನಲ್ಲಿ ಎದೆಯೆತ್ತರ ನಿಲ್ಲುವ ಆಪು, ಜೊಂಡು ಇವೆಲ್ಲ ಹೊಲಸು ನೀರಿನಲ್ಲಿರುವ ಸತ್ವವನ್ನು ಉಂಡು ಬದುಕುವ ಗಿಡಗಳು. ಅವಕ್ಕೆ ಸರಿಯಾದ ಜಾಗ ಕೊಟ್ಟು, ಸರಿಯಾದ ಹೊತ್ತಿಗೆ ಕೊಯ್ದು ತೆಗೆದರೆ ಅವೇ ಕೆರೆಯನ್ನು ಕಾಯುತ್ತವೆ. ಇದು ಹೇಗೆ ತಿಳಿಯಿತು, ತಿಳಿದದ್ದರಿಂದ ಊರ ಪಕ್ಕದ ಕೊಳಚೆ ಗುಂಡಿಗಳು ಹೇಗೆ ಹಕ್ಕಿಗಳ ಬೀಡಾಗಿ ಜನರ ತಿರುಗಾಟದ ತಾಣವಾದವು ಎಂಬುದನ್ನು ರೋಣ, ನರಗುಂದ, ಗಜೇಂದ್ರಗಡದ ಓದುಗರಿಗೆ ಹೇಳಬೇಕೆಂದು ಈ ಬರಹ.

ಬರುವ ನೀರು, ಹೋಗುವ ನೀರು

ಈ ಮೂರೂ ಊರುಗಳು ನೀರಿಗಾಗಿ ಹಂಬಲಿಸಿದ ಊರುಗಳು. ಗಜೇಂದ್ರಗಡಕ್ಕೆ ಸಮೀಪದ ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದವರು ನಾಗಕುಂಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿ, ಗೋಡೆಯಲ್ಲಿ ಶಿಲ್ಪ ಕೆತ್ತಿದರು. ನೀರಿಗೆ ಗುಡಿಯಷ್ಟೇ ಗೌರವ ಕೊಟ್ಟ ಕಾಲ ಅದು. ನಮ್ಮ ಕಾಲಕ್ಕೆ ಬಂದರೆ, ಮಲಪ್ರಭೆಯ ಕಾಲುವೆ ನೀರು ಮತ್ತು ಅದರ ಕರದ ಪ್ರಶ್ನೆ ಹಿಡಿದು 1980ರ ಜುಲೈನಲ್ಲಿ ನರಗುಂದದ ರೈತರು ಬೀದಿಗಿಳಿದರು. ಗುಂಡೇಟಿಗೆ ಜೀವ ಹೋಯಿತು. ಮಹದಾಯಿ ನೀರಿಗಾಗಿ 2015ರಲ್ಲಿ ಮತ್ತೆ ನರಗುಂದದಲ್ಲೇ ಧರಣಿ ಹೂಡಿದರು. ಬರಬೇಕಾದ ನೀರಿನ ಬಗ್ಗೆ ನಮಗಿರುವಷ್ಟು ಎಚ್ಚರ ನಾಡಿನಲ್ಲಿ ಬೇರೆಯವರಿಗಿದ್ದೀತೇ ಎಂದು ಎದೆತಟ್ಟಿ ಕೇಳಬಹುದು.

ಆದರೆ ಮನೆಯಿಂದ ಹೊರಗೆ ಹೋಗುವ ನೀರಿನ ಬಗ್ಗೆ ಅಷ್ಟೇ ಎಚ್ಚರ ಇದೆಯೇ? ಎಂಜಿನಿಯರುಗಳ ಸಾಮಾನ್ಯ ಲೆಕ್ಕದಂತೆ ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಸುಮಾರು 80 ಭಾಗ ಬಚ್ಚಲು, ಅಡುಗೆಮನೆ, ಶೌಚಾಲಯ ದಾಟಿ ಹೊರಗೆ ಹರಿಯುತ್ತದೆ. ಒಬ್ಬರಿಗೆ ದಿನಕ್ಕೆ 100 ಲೀಟರ್ ಹಿಡಿದರೂ 30 ಸಾವಿರ ಜನರಿರುವ ಊರಿನಿಂದ ದಿನಾ 24 ಲಕ್ಷ ಲೀಟರ್ ಹೊಲಸು ನೀರು ಹೊರಡುತ್ತದೆ. ಅದು ಇಳಿಜಾರು ಹಿಡಿದು ಗಟಾರ ಸೇರಿ, ಗಟಾರದಿಂದ ಹಳ್ಳ ಸೇರುತ್ತದೆ. ನಮ್ಮ ಕಡೆಯ ಹಳ್ಳಗಳ ನೀರು ಬೆಣ್ಣೆಹಳ್ಳದ ಮೂಲಕವೋ ನೇರವಾಗಿಯೋ ಕೊನೆಗೆ ಮಲಪ್ರಭೆಯ ಮಡಿಲಿಗೇ ಹೋಗಿ ಬೀಳುವಂಥದು. ಯಾವ ಹೊಳೆಯ ನೀರಿಗಾಗಿ ಹೋರಾಡಿದೆವೋ ಅದೇ ಹೊಳೆಗೆ ನಮ್ಮ ಬಚ್ಚಲ ನೀರನ್ನು ಬಿಡುವುದು ಯಾವ ನ್ಯಾಯ?

ಹೊಲಸು ನೀರನ್ನು ತೊಳೆಯುವ ವಿದ್ಯೆ ಲೋಕಕ್ಕೆ ಗೊತ್ತಿರಲಿಲ್ಲ ಎಂದಲ್ಲ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಒಂದು ದಾರಿ ಕಂಡುಕೊಂಡಿದ್ದರು. ಕೊಳಚೆಗೆ ಗಾಳಿ ಊದಿದರೆ ಅದರಲ್ಲಿರುವ ಬ್ಯಾಕ್ಟೀರಿಯಗಳು ಹೆಚ್ಚಿ, ಕೊಳೆಯನ್ನು ತಿಂದು, ಕೆಸರಾಗಿ ತಳಕ್ಕೆ ಕೂರುತ್ತವೆ. ಆ ಕೆಸರನ್ನೇ ಮತ್ತೆ ಹೊಸ ಕೊಳಚೆಗೆ ಬೆರೆಸಿದರೆ ಕೆಲಸ ಇನ್ನೂ ಚುರುಕಾಗುತ್ತದೆ. ಇಂದು ದೊಡ್ಡ ನಗರಗಳ ಶುದ್ಧೀಕರಣ ಘಟಕಗಳು ಬಹಳಷ್ಟು ಇದೇ ದಾರಿಯಲ್ಲಿ ನಡೆಯುತ್ತವೆ. ಆದರೆ ಹಗಲೂ ರಾತ್ರಿ ಗಾಳಿ ಊದಲು ಕರೆಂಟು ಬೇಕು, ಕರೆಂಟಿನ ಬಿಲ್ಲು ಕಟ್ಟಲು ದುಡ್ಡು ಬೇಕು, ಯಂತ್ರ ಕೆಟ್ಟರೆ ರಿಪೇರಿಗೆ ಬಲ್ಲವರು ಬೇಕು. ಸಣ್ಣ ಊರಿನ ಪುರಸಭೆಗೆ ಈ ಮೂರೂ ಕಷ್ಟ.

ಚಾಪೆ ಹೆಣೆಯುವ ಜೊಂಡು

ಇನ್ನೊಂದು ದಾರಿ ತೆರೆದದ್ದು ಉತ್ತರ ಜರ್ಮನಿಯ ಪ್ಲೋನ್ ಎಂಬ ಊರಿನಲ್ಲಿ. ಕೆರೆಗಳ ನಡುವೆ ಇರುವ ಊರು ಅದು. ಅಲ್ಲಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಕೇಟೆ ಸೈಡೆಲ್ ಎಂಬ ಸಸ್ಯವಿಜ್ಞಾನಿ ಕೆರೆಯಂಚಿನ ಒಂದು ಜೊಂಡಿನ ಬೆನ್ನು ಹತ್ತಿದ್ದರು. ಜರ್ಮನ್ ಭಾಷೆಯಲ್ಲಿ ಅದರ ಹೆಸರಿಗೆ ಹೆಣೆಯುವ ಜೊಂಡು ಎಂದರ್ಥ. ನಮ್ಮಲ್ಲಿ ಚಾಪೆ ಹೆಣೆಯುವ ಜೊಂಡಿನ ಬಳಗದ್ದೇ ಅದು. 1955ರಲ್ಲಿ ಆ ಒಂದೇ ಗಿಡದ ಮೇಲೆ ಆಕೆ ಒಂದು ಇಡೀ ಪುಸ್ತಕ ಬರೆದರು.

ಗಿಡವೊಂದನ್ನು ಅಷ್ಟು ದಿನ ನೋಡುತ್ತ ಕುಳಿತವರಿಗೆ ಮಾತ್ರ ಕಾಣುವ ಸಂಗತಿಯೊಂದು ಸೈಡೆಲ್ ಅವರಿಗೆ ಕಂಡಿತು. ಬೇರೆ ಗಿಡಗಳು ಸಾಯುವಂಥ ಕೊಳಕು ನೀರಿನಲ್ಲೂ ಜೊಂಡು ಸೊಂಪಾಗಿ ಬೆಳೆಯುತ್ತಿತ್ತು. ಅಷ್ಟೇ ಅಲ್ಲ, ಅದು ನಿಂತ ನೀರು ದಿನ ಕಳೆದಂತೆ ತಿಳಿಯಾಗುತ್ತಿತ್ತು. 1950ರ ದಶಕದ ಆರಂಭದಲ್ಲಿ ಆಕೆ ಪ್ರಯೋಗಕ್ಕೆ ಇಳಿದರು. ಕಾರ್ಖಾನೆಯ ಕೊಳಚೆಯಲ್ಲಿರುವ ಫಿನಾಲ್ ಎಂಬ ವಿಷವನ್ನು ನೀರಿಗೆ ಬೆರೆಸಿ ಅದರಲ್ಲಿ ಜೊಂಡು ನೆಟ್ಟರು. ಫಿನಾಲ್ ಇಳಿಯಿತು. ಮುಂದೆ ಹಾಲಿನ ಡೇರಿಯಿಂದ ಬಂದ ಹೊಲಸು ನೀರನ್ನು ಜೊಂಡಿಗೆ ಕುಡಿಸಿದರು. ಆ ನೀರೂ ತಿಳಿಯಾಯಿತು. ಜಲ್ಲಿ ತುಂಬಿದ ತೊಟ್ಟಿಯಲ್ಲಿ ಜೊಂಡು ನೆಟ್ಟು, ಒಂದು ಕಡೆ ಕೊಳಚೆ ಬಿಟ್ಟು ಇನ್ನೊಂದು ಕಡೆ ತಿಳಿನೀರು ತೆಗೆಯುವ ಪದ್ಧತಿಯನ್ನು ಆಕೆ ಕಟ್ಟಿದ್ದು ಹೀಗೆ.

ಆ ಕಾಲದ ಎಂಜಿನಿಯರುಗಳು ಇದನ್ನು ಸುಲಭಕ್ಕೆ ಒಪ್ಪಲಿಲ್ಲ. ಕೊಳಚೆ ತೊಳೆಯುವುದು ಕಾಂಕ್ರೀಟು, ಪಂಪುಗಳ ಕೆಲಸ. ಹುಲ್ಲು ಅದನ್ನು ಹೇಗೆ ಮಾಡೀತು? ಗಿಡ ಸಾಯುತ್ತದೆ, ಜಲ್ಲಿ ಕಟ್ಟಿಕೊಳ್ಳುತ್ತದೆ, ಚಳಿಗಾಲದಲ್ಲಿ ಏನು ಮಾಡುತ್ತೀರಿ ಎಂಬ ಪ್ರಶ್ನೆಗಳು ಬಂದವು. ಪ್ರಶ್ನೆಗಳಲ್ಲಿ ಹುರುಳೂ ಇತ್ತು. ಸೈಡೆಲ್ ಉತ್ತರವನ್ನು ತೊಟ್ಟಿಗಳಲ್ಲಿ ಹುಡುಕುತ್ತ ಹೋದರು; ಕ್ರೇಫೆಲ್ಡ್ ಎಂಬ ಊರಿನಲ್ಲಿ ತಮ್ಮ ಕೆಲಸ ಮುಂದುವರಿಸಿದರು. 1960ರ ದಶಕದ ಕೊನೆಗೆ ನೆದರ್ಲೆಂಡ್ಸಿನವರು ಆ ಜೊಂಡನ್ನು ನಿಜವಾದ ಬಳಕೆಗೆ ತಂದರು. ಬೇಸಿಗೆಯಲ್ಲಿ ಸಾವಿರಾರು ಜನ ಡೇರೆ ಹಾಕುವ ಎಲ್ಬುರ್ಗ್ ಬಳಿಯ ಬಿಡಾರದ ಹೊಲಸು ನೀರನ್ನು ಅಲ್ಲಿ ನಕ್ಷತ್ರದ ಆಕಾರದ ಜೊಂಡಿನ ಕೊಳ ತೊಳೆಯಿತು. 1974ರಲ್ಲಿ ಜರ್ಮನಿಯ ಓಟ್‌ಫ್ರೇಸನ್ ಎಂಬ ಊರಿಗೆ ರೈನ್‌ಹೋಲ್ಡ್ ಕಿಕುಟ್ ಅವರ ಬೇರುವಲಯ ಪದ್ಧತಿ ಬಂತು.

ಮನೆ ಗಿಡದ್ದು, ದುಡಿಮೆ ಬ್ಯಾಕ್ಟೀರಿಯದ್ದು

ಕತೆ ಇಲ್ಲಿಗೆ ಮುಗಿದಿದ್ದರೆ ಅದು ಅರ್ಧ ಸತ್ಯವಾಗುತ್ತಿತ್ತು. ಗಿಡವೇ ಕೊಳೆಯನ್ನೆಲ್ಲ ಹೀರುತ್ತದೆ ಎಂಬ ಮೊದಲ ನಂಬಿಕೆ ಅಳತೆಗೆ ನಿಲ್ಲಲಿಲ್ಲ. ಕೊಯ್ದ ಗಿಡವನ್ನು ಒಣಗಿಸಿ, ಅದರಲ್ಲಿ ಸೇರಿದ ಸಾರಜನಕ ಎಷ್ಟು, ರಂಜಕ ಎಷ್ಟು ಎಂದು ನೋಡಿದರೆ, ನೀರಿನಿಂದ ಕಾಣೆಯಾದ ಕೊಳೆಯ ಸಣ್ಣ ಪಾಲು ಮಾತ್ರ ಅಲ್ಲಿ ಸಿಕ್ಕಿತು. ಉಳಿದದ್ದು ಎಲ್ಲಿ ಹೋಯಿತು?

ಉತ್ತರ ಬೇರಿನ ಮೇಲೆಯೇ ಇತ್ತು. ನೀರಿನಲ್ಲಿ ಮುಳುಗಿದ ದಂಟು, ಬೇರು, ಜಲ್ಲಿಕಲ್ಲು ಇವುಗಳ ಮೇಲೆ ಕೈಗೆ ಜಾರುವ ಒಂದು ಲೋಳೆ ಕಟ್ಟುತ್ತದೆ. ಕೆರೆಯ ಮೆಟ್ಟಿಲಲ್ಲಿ ಕಾಲು ಜಾರಿದವರಿಗೆಲ್ಲ ಆ ಲೋಳೆಯ ಪರಿಚಯ ಇದೆ. ಅದರ ತುಂಬ ಇರುವುದು ಬ್ಯಾಕ್ಟೀರಿಯಗಳ ಸಂಸಾರ. ಕೊಳೆಯನ್ನು ತಿಂದು ಮುಗಿಸುವವರು ಅವರು. ಜೊಂಡು, ಆಪುಗಳ ದಂಟಿನೊಳಗೆ ಗಾಳಿ ಓಡಾಡುವ ಕೊಳವೆಗಳಿವೆ. ದಂಟು ಮುರಿದು ನೋಡಿದರೆ ಒಳಗಿನ ಬೆಂಡು ಕಣ್ಣಿಗೇ ಕಾಣುತ್ತದೆ. ಆ ಕೊಳವೆಗಳ ಮೂಲಕ ಗಿಡವು ಮೇಲಿನ ಗಾಳಿಯನ್ನು ಕೆಸರಿನೊಳಗಿನ ಬೇರಿಗೆ ಇಳಿಸುತ್ತದೆ. ಬೇರಿನ ಸುತ್ತ ಸ್ವಲ್ಪ ಆಮ್ಲಜನಕ ಸೋರುತ್ತದೆ. ಆಮ್ಲಜನಕ ಇರುವ ಕಡೆ ಒಂದು ಜಾತಿಯ ಬ್ಯಾಕ್ಟೀರಿಯ ಅಮೋನಿಯವನ್ನು ನೈಟ್ರೇಟ್ ಮಾಡುತ್ತದೆ. ಅಲ್ಲಿಂದ ಒಂದೆರಡು ಬೆರಳು ದೂರದ ಆಮ್ಲಜನಕ ಇಲ್ಲದ ಕೆಸರಿನಲ್ಲಿ ಇನ್ನೊಂದು ಜಾತಿ ಅದೇ ನೈಟ್ರೇಟನ್ನು ಒಡೆದು ಸಾರಜನಕವನ್ನು ಗಾಳಿಗೆ ಬಿಡುತ್ತದೆ. ಮ್ಯಾಂಚೆಸ್ಟರಿನವರು ಯಂತ್ರದಿಂದ ಊದಿದ ಗಾಳಿಯನ್ನು ಜೊಂಡು ಸದ್ದಿಲ್ಲದೆ, ಬಿಲ್ಲಿಲ್ಲದೆ, ತನ್ನ ಅಳವಿನಷ್ಟು ಇಳಿಸುತ್ತಿತ್ತು.

ಹೀಗೆ ಸೈಡೆಲ್ ಕಂಡದ್ದು ನಿಜವಾಗಿತ್ತು, ಕೊಟ್ಟ ಕಾರಣ ಮಾತ್ರ ತಿದ್ದುಪಡಿಯಾಯಿತು. ಮನೆ ಕಟ್ಟಿಕೊಟ್ಟು ಗಾಳಿ ಬೆಳಕು ನೋಡಿಕೊಳ್ಳುವುದು ಗಿಡದ ಪಾಲು, ದುಡಿಮೆ ಬ್ಯಾಕ್ಟೀರಿಯಗಳ ಪಾಲು. ಈ ತಿದ್ದುಪಡಿ ಬಹಳ ಉಪಯೋಗಕ್ಕೆ ಬಂತು. ಕೊಳಚೆ ಎಷ್ಟು ಹೊತ್ತು ಬೇರಿನ ನಡುವೆ ನಿಲ್ಲಬೇಕು, ಎಷ್ಟು ಜಾಗ ಬೇಕು, ಯಾವಾಗ ಗಿಡ ಕೊಯ್ಯಬೇಕು ಎಂಬ ಲೆಕ್ಕ ಅದರಿಂದ ಸಿಕ್ಕಿತು. ರಂಜಕ ಗಾಳಿಗೆ ಹಾರುವಂಥದಲ್ಲ. ಅದು ಮಣ್ಣಿನಲ್ಲಿ, ಗಿಡದಲ್ಲಿ ಕೂರುತ್ತದೆ. ಗಿಡವನ್ನು ಕೊಯ್ದು ಹೊರಗೆ ಹಾಕದಿದ್ದರೆ ಅಲ್ಲೇ ಕೊಳೆತು, ಉಂಡದ್ದನ್ನೆಲ್ಲ ಮತ್ತೆ ನೀರಿಗೇ ಕಾರುತ್ತದೆ. ಕಳೆ ತುಂಬಿ ನಾರುವ ಕೆರೆಗಳಲ್ಲಿ ಆಗಿರುವುದು ಇದೇ.

ಮೀನುಗಾರರಿಗೆ ಮೊದಲೇ ಗೊತ್ತಿತ್ತು

ನಮ್ಮ ದೇಶದಲ್ಲಿ ಇದೇ ಸತ್ಯಕ್ಕೆ ಇನ್ನೊಂದು ಬಾಗಿಲಿತ್ತು. 1980ರ ದಶಕದ ಆರಂಭದಲ್ಲಿ ಧ್ರುವಜ್ಯೋತಿ ಘೋಷ್ ಎಂಬ ಎಂಜಿನಿಯರು ಕೋಲ್ಕತ್ತದ ಹೊಲಸು ನೀರು ಎಲ್ಲಿಗೆ ಹೋಗುತ್ತದೆ ಎಂದು ಕಾಲುವೆಯ ಜಾಡು ಹಿಡಿದು ಪೂರ್ವಕ್ಕೆ ಹೊರಟರು. ಕಾಲುವೆ ಹೋಗಿ ಸೇರಿದ್ದು ವಿಶಾಲವಾದ, ಆಳವಿಲ್ಲದ ಮೀನಿನ ಕೊಳಗಳಿಗೆ. ಅಲ್ಲಿನ ಮೀನುಗಾರರು ಕೊಳಚೆಯನ್ನು ಅಳೆದು ಅಳೆದು ಕೊಳಕ್ಕೆ ಬಿಡುತ್ತಿದ್ದರು. ಬಿಸಿಲಿಗೆ ಪಾಚಿ ಬೆಳೆದು ಆಮ್ಲಜನಕ ಕೊಡುತ್ತಿತ್ತು, ಬ್ಯಾಕ್ಟೀರಿಯ ಕೊಳೆ ತಿನ್ನುತ್ತಿತ್ತು, ಪಾಚಿಯನ್ನು ಮೀನು ತಿನ್ನುತ್ತಿತ್ತು. ದಂಡೆ ಸವೆಯದಂತೆ ಅಂತರಗಂಗೆಯ ಬೇಲಿ. ಕೊಳದಿಂದ ಹೊರಬಿದ್ದ ನೀರಿನಲ್ಲಿ ಭತ್ತ, ಪಕ್ಕದಲ್ಲಿ ಕಾಯಿಪಲ್ಲೆ. ಮಹಾನಗರವೊಂದರ ಹೊಲಸನ್ನು ತೊಳೆಯುತ್ತ, ಅದೇ ನಗರಕ್ಕೆ ಮೀನು, ತರಕಾರಿ ಕೊಡುತ್ತಿದ್ದ ಜನರನ್ನು ಅದುವರೆಗೆ ಯಾವ ನಕ್ಷೆಯೂ ಗುರುತಿಸಿರಲಿಲ್ಲ.

ಘೋಷ್ ತಮ್ಮ ಜೀವಮಾನವನ್ನು ಆ ಜಾಗ ಉಳಿಸಲು ಕೊಟ್ಟರು. 1992ರಲ್ಲಿ ಕಲ್ಕತ್ತ ಹೈಕೋರ್ಟ್ ಅದರ ರಕ್ಷಣೆಗೆ ತೀರ್ಪಿತ್ತಿತು. 2002ರಲ್ಲಿ ಸುಮಾರು 12,500 ಹೆಕ್ಟೇರಿನ ಆ ಜೌಗು ಪ್ರದೇಶ ಜಗತ್ತಿನ ಮಹತ್ವದ ಜೌಗುಗಳ ರಾಮ್ಸರ್ ಪಟ್ಟಿ ಸೇರಿತು. ಕಂಡುಹಿಡಿದದ್ದು ನಾನಲ್ಲ, ಮೀನುಗಾರರು ಎಂಬ ವಿನಯವನ್ನು ಅವರ ಕೆಲಸದ ಉದ್ದಕ್ಕೂ ಕಾಣಬಹುದು. 2018ರಲ್ಲಿ ಅವರು ತೀರಿಕೊಂಡರು.

ತಿಪ್ಪೆಯಿಂದ ಹಕ್ಕಿಧಾಮ

ಹೊಲಸು ತೊಳೆಯುವ ಜಾಗ ಜನರು ಬಂದು ಅಡ್ಡಾಡುವ ಜಾಗವೂ ಆಗಬಹುದೆಂದು ದೊಡ್ಡದಾಗಿ ತೋರಿಸಿಕೊಟ್ಟದ್ದು ಅಮೆರಿಕದ ಕ್ಯಾಲಿಫೋರ್ನಿಯದ ಅರ್ಕಾಟ ಎಂಬ ಸಣ್ಣ ಊರು. ನಮ್ಮ ನರಗುಂದಕ್ಕಿಂತ ದೊಡ್ಡದಲ್ಲ. 1974ರಲ್ಲಿ ರಾಜ್ಯದ ಹೊಸ ನಿಯಮ ಬಂದು, ಊರಿನ ಹೊಲಸನ್ನು ಕೊಲ್ಲಿಗೆ ಬಿಡುವಂತಿಲ್ಲ ಎಂದಿತು. ಸುತ್ತಲಿನ ಊರುಗಳೆಲ್ಲ ಸೇರಿ ಕಟ್ಟಬೇಕಾದ ಭಾರಿ ಘಟಕದ ಖರ್ಚು ಕೇಳಿ ಊರವರು ಬೆಚ್ಚಿದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೀನಿನ ಶಾಸ್ತ್ರ ಹೇಳುತ್ತಿದ್ದ ಜಾರ್ಜ್ ಅಲೆನ್, ಶುದ್ಧೀಕರಿಸಿದ ಕೊಳಚೆಯನ್ನು ಸಮುದ್ರದ ನೀರಿಗೆ ಬೆರೆಸಿ ಅದರಲ್ಲಿ ಸಾಲ್ಮನ್ ಮರಿ ಸಾಕಿ ತೋರಿಸಿದ್ದರು. ಎಂಜಿನಿಯರಿಂಗ್ ಕಲಿಸುತ್ತಿದ್ದ ರಾಬರ್ಟ್ ಗಿಯರ್‌ಹಾರ್ಟ್ ಅವರ ಜೊತೆಗೂಡಿದರು. ಸಣ್ಣ ಸಣ್ಣ ಮಡಿಗಳಲ್ಲಿ ಜೊಂಡು ಬೆಳೆಸಿ ವರ್ಷಗಟ್ಟಲೆ ಅಳೆದು, ಸರ್ಕಾರವನ್ನು ಒಪ್ಪಿಸಿದರು.

1986ರಲ್ಲಿ ಪೂರ್ತಿ ಜೌಗು ಸಿದ್ಧವಾಯಿತು. ಹಿಂದೆ ಅಲ್ಲಿ ಮರಕೊಯ್ಯುವ ಕಾರ್ಖಾನೆಗಳಿದ್ದವು, ಊರಿನ ಕಸ ಸುರಿಯುವ ತಿಪ್ಪೆ ಇತ್ತು. ಈಗ 307 ಎಕರೆಯಲ್ಲಿ ಕೊಳ, ಜೊಂಡು, ನಡೆದಾಡುವ ದಾರಿಗಳಿವೆ. ಹಕ್ಕಿ ನೋಡುವವರು ದೂರದಿಂದ ಬರುತ್ತಾರೆ. ಹೊಲಸು ನೀರಿನ ಘಟಕಕ್ಕೆ ಮಕ್ಕಳನ್ನು ಕರೆದುಕೊಂಡು ರಜೆಯ ದಿನ ಕಳೆಯಲು ಜನ ಬರುತ್ತಾರೆ ಎಂಬುದನ್ನು ಅದಕ್ಕೂ ಮೊದಲು ಯಾರು ನಂಬುತ್ತಿದ್ದರು?

ಜಕ್ಕೂರಿನ ಕೆರೆ

ನಮ್ಮ ನಾಡಿಗೆ ಬರೋಣ. ಬೆಂಗಳೂರು ತನ್ನ ಕೆರೆಗಳನ್ನು ಹೇಗೆ ಕಳೆದುಕೊಂಡಿತೆಂದು ಎಲ್ಲರಿಗೂ ಗೊತ್ತು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಉಳಿದ ಕೆರೆಗಳಿಗೆ ಕೊಳಚೆ ನುಗ್ಗಿತು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿತು. 2015ರಲ್ಲಿ, 2017ರಲ್ಲಿ, 2018ರಲ್ಲಿ ಅದೇ ಕೆರೆ ಹೊತ್ತಿ ಉರಿಯಿತು. ನೀರಿಗೆ ಬೆಂಕಿ ಬಿದ್ದದ್ದನ್ನು ನಾವು ಟೀವಿಯಲ್ಲಿ ನೋಡಿದೆವು.

ಅದೇ ನಗರದ ಉತ್ತರಕ್ಕೆ ಜಕ್ಕೂರು ಕೆರೆ ಇದೆ. ಸುಮಾರು 160 ಎಕರೆ. ಈ ಕೆರೆಯ ಮೇಲ್ಭಾಗದಲ್ಲಿ ಬೆಂಗಳೂರು ಜಲಮಂಡಳಿ ದಿನಕ್ಕೆ 1 ಕೋಟಿ ಲೀಟರ್ ಹೊಲಸು ನೀರು ತೊಳೆಯುವ ಘಟಕ ಕಟ್ಟಿತು. ಕಳೆದ ದಶಕದ ಹೊಸ್ತಿಲಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕೆರೆಯ ಹೂಳು ತೆಗೆದು, ಏರಿ ಸರಿಪಡಿಸಿತು. ಘಟಕಕ್ಕೂ ಕೆರೆಗೂ ನಡುವೆ ಹಲವು ಎಕರೆ ಜಾಗವನ್ನು ಜೌಗಿಗೆಂದು ಬಿಟ್ಟದ್ದು ಈ ಕೆಲಸದ ತಿರುಳು. ಘಟಕದಿಂದ ಹೊರಬಂದ ನೀರು ನೇರ ಕೆರೆಗೆ ಇಳಿಯುವುದಿಲ್ಲ. ಆಪಿನ ದಟ್ಟಣೆಯಲ್ಲಿ ಸುತ್ತಾಡಿ, ಬೇರುಗಳ ನಡುವೆ ತಡೆದು ನಿಂತು, ಘಟಕ ಬಿಟ್ಟುಕೊಟ್ಟ ಸಾರಜನಕ, ರಂಜಕವನ್ನು ಅಲ್ಲಿ ಕಳೆದುಕೊಂಡು ಕೆರೆಗೆ ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ಬಳಗ ಘಟಕದ ಬಾಯಿಂದ ಕೆರೆಯ ಕೋಡಿಯವರೆಗೆ ನೀರು ಹಿಡಿದು ಪರೀಕ್ಷಿಸಿ, ಘಟಕ, ಜೌಗು, ಕೆರೆ ಮೂರೂ ಸೇರಿದರೆ ನೀರು ಹೇಗೆ ಹಂತಹಂತವಾಗಿ ತಿಳಿಯಾಗುತ್ತದೆ ಎಂದು ತೋರಿಸಿದರು. ಪ್ಲೋನ್‌ನ ತೊಟ್ಟಿಯಲ್ಲಿ ಕಂಡದ್ದು ಕನ್ನಡದ ನೆಲದಲ್ಲೂ ಅಳತೆಗೆ ನಿಂತಿತು.

ಬೆಳಗಿನ ಹೊತ್ತು ಜಕ್ಕೂರಿನ ಏರಿಯ ಮೇಲೆ ನಡೆದರೆ ಅಂಕಿಗಳು ಹೇಳದ್ದು ಕಣ್ಣಿಗೆ ಕಾಣುತ್ತದೆ. ಆಪಿನ ಸಂದಿಯಲ್ಲಿ ನೀಲಿ ಜಂಬುಕೋಳಿಗಳು ಕೆಂಪು ಕೊಕ್ಕಿನಿಂದ ಎಳೆ ದಂಟು ಸೀಳುತ್ತವೆ. ನಡುಗಡ್ಡೆಯ ಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತವೆ. ಹೆಜ್ಜಾರ್ಲೆಗಳು ತೇಲುತ್ತವೆ. ಮೀನುಗಾರರ ತೆಪ್ಪ ದಡಕ್ಕೆ ಬರುತ್ತದೆ. ದನಗಳಿಗೆ ಹುಲ್ಲು ಕೊಯ್ಯುವವರು ಹೊರೆ ಕಟ್ಟುತ್ತಾರೆ. ಅವರು ಕೊಯ್ದ ಪ್ರತಿ ಹೊರೆಯ ಜೊತೆಗೆ ಕೆರೆಯೊಳಗಿನ ಒಂದಿಷ್ಟು ಕೊಳೆ ಹೊರಗೆ ಹೋಗುತ್ತದೆ. ನಡಿಗೆಗೆ ಬಂದ ಅಜ್ಜಂದಿರು, ಸೈಕಲ್ಲಿನ ಹುಡುಗರು, ದುರ್ಬೀನು ಹಿಡಿದ ಶಾಲೆಯ ಮಕ್ಕಳು ಎಲ್ಲರಿಗೂ ಏರಿಯಲ್ಲಿ ಜಾಗ ಇದೆ. 2015ರಲ್ಲಿ ಸುತ್ತಲಿನ ಜನ ಜಲಪೋಷಣ್ ಎಂಬ ಟ್ರಸ್ಟ್ ಕಟ್ಟಿಕೊಂಡು ಕೆರೆಯ ಕಾವಲಿಗೆ ನಿಂತರು.

ಕಾವಲು ಏಕೆ ಬೇಕು? ಒಮ್ಮೆ ಕಟ್ಟಿ ಬಿಟ್ಟರೆ ಆಯಿತು ಎನ್ನುವ ಕೆಲಸ ಇದಲ್ಲ. ಮಳೆನೀರಿನ ಕಾಲುವೆಗೆ ಯಾರೋ ಕದ್ದು ಶೌಚದ ಪೈಪು ಜೋಡಿಸಿದರೆ ಆ ಹೊಲಸು ಘಟಕವನ್ನು ತಪ್ಪಿಸಿ ಸೀದಾ ಕೆರೆಗೆ ಬರುತ್ತದೆ. ಆಪು ಕೊಯ್ಯದೆ ಬಿಟ್ಟರೆ ಜೌಗು ಕಟ್ಟಿಕೊಳ್ಳುತ್ತದೆ. ಕಾರ್ಖಾನೆಯ ಲೋಹ ಬೆರೆತ ನೀರು ಬಂದರೆ ಬೇರು, ಬ್ಯಾಕ್ಟೀರಿಯ ಎರಡೂ ಸೋಲುತ್ತವೆ. ಜೊಂಡಿಗೆ ತನ್ನದೇ ಮಿತಿ ಇದೆ. ಆ ಮಿತಿಯೊಳಗೆ ಅದನ್ನು ದುಡಿಸಿಕೊಳ್ಳುವುದು ಜನರ ಎಚ್ಚರ.

ಸಣ್ಣ ಊರಿಗೆ ಸಾಧ್ಯವೇ?

ಇದೆಲ್ಲ ಬೆಂಗಳೂರಿಗೆ ಸರಿ, ನಮ್ಮ ಪುರಸಭೆಗೆ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಅವರಿಗೆ ದೇವನಹಳ್ಳಿಯನ್ನು ತೋರಿಸಬೇಕು. ಜನಸಂಖ್ಯೆಯಲ್ಲಿ ನಮ್ಮ ಊರುಗಳಂಥದೇ ಪಟ್ಟಣ. ಒಳಚರಂಡಿ ಇಲ್ಲದ ಅಂಥ ಊರುಗಳಲ್ಲಿ ಶೌಚದ ಗುಂಡಿಯ ಕೆಸರನ್ನು ಲಾರಿಯಲ್ಲಿ ಎತ್ತಿ ಎಲ್ಲೋ ಹೊಲದಲ್ಲಿ ಸುರಿಯುವುದು ರೂಢಿ. 2015ರಲ್ಲಿ ಅಲ್ಲಿ ಆ ಕೆಸರಿಗೆಂದೇ ಒಂದು ಘಟಕ ಶುರುವಾಯಿತು. ದಿನಕ್ಕೆ 6,000 ಲೀಟರ್ ಕೆಸರು ತೆಗೆದುಕೊಳ್ಳುವ ಈ ಘಟಕದಲ್ಲಿ ನೀರಿನ ಕೊನೆಯ ಹಂತದ ತೊಳೆತ ನಡೆಯುವುದು ಗಿಡ ನೆಟ್ಟ ಜಲ್ಲಿಯ ಹಾಸಿನಲ್ಲಿ. ಉಳಿದ ಕೆಸರು ಒಣಗಿ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಮಧ್ಯಪ್ರದೇಶದ ಉಜ್ಜಯಿನಿಯಲ್ಲಿ ಏಕಾಂತ ಪಾರ್ಕ್ ಎಂಬ ಉದ್ಯಾನದ ಬದಿಯಲ್ಲೇ 1990ರ ದಶಕದಲ್ಲಿ ವಿಕ್ರಮ ವಿಶ್ವವಿದ್ಯಾಲಯದವರು ಇಂಥ ಜಲ್ಲಿಯ ಹಾಸಿನಲ್ಲಿ ನಮ್ಮ ದೇಶದ ಜೊಂಡನ್ನೇ ಬೆಳೆಸಿ ಬಡಾವಣೆಯ ಹೊಲಸು ನೀರು ತೊಳೆದಿದ್ದರು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ಇದೇ ತತ್ವದ ಮೇಲೆ ಫೈಟೋರಿಡ್ ಎಂಬ ಪದ್ಧತಿ ರೂಪಿಸಿದೆ.

ಜಾಗ ಎಷ್ಟು ಬೇಕು? ಬಿಸಿಲಿನ ನಾಡಿನಲ್ಲಿ, ಮೊದಲು ಕೆಸರು ತಳಕ್ಕೆ ಕೂತ ಮೇಲೆ, ಒಬ್ಬರ ಪಾಲಿನ ಹೊಲಸು ನೀರಿಗೆ ಸುಮಾರು 1ರಿಂದ 3 ಚದರ ಮೀಟರ್ ಜೊಂಡಿನ ಹಾಸು ಸಾಕು. ಒಂದು ಹಾಸಿಗೆ ಹಾಸುವಷ್ಟು ನೆಲ. 30 ಸಾವಿರ ಜನರ ಊರಿಗೆ 7ರಿಂದ 22 ಎಕರೆ. ಮಹಾನಗರದಲ್ಲಿ ಅಷ್ಟು ನೆಲ ಹೊಂದಿಸುವುದು ಕನಸು. ರೋಣದಲ್ಲಿ, ನರಗುಂದದಲ್ಲಿ, ಗಜೇಂದ್ರಗಡದಲ್ಲಿ ಊರಿನ ತಗ್ಗಿಗೆ, ಗಟಾರ ತಾನಾಗಿ ಹರಿದು ಹೋಗುವ ದಿಕ್ಕಿಗೆ, ಇಂದಿಗೂ ಅಷ್ಟು ನೆಲ ಹುಡುಕಬಹುದು. ಇನ್ನು 20 ವರ್ಷ ಕಾದರೆ ಆ ತಗ್ಗಿನಲ್ಲೂ ಲೇಔಟು ಎದ್ದಿರುತ್ತದೆ.

ನೆಲ, ಬಿಸಿಲು, ಜೊಂಡು ಮೂರೂ ನಮ್ಮಲ್ಲಿವೆ. ಅತಿಥಿಗಳೂ ಇದ್ದಾರೆ. ನಮ್ಮದೇ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಸಾವಿರ ಸಾವಿರವಾಗಿ ಬರುತ್ತವೆ. ಹಗಲು ಕೆರೆಯಲ್ಲಿ ತೇಲಿ, ಹೊತ್ತು ನೋಡಿ ಹೊಲಗಳಿಗೆ ಮೇಯಲು ಹೋಗುತ್ತವೆ. ಮಳೆನೀರು ಹಿಡಿಯಲು ನೀರಾವರಿಗೆಂದು ಕಟ್ಟಿದ ಸುಮಾರು 50 ಹೆಕ್ಟೇರಿನ ಆ ಕೆರೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿ ಸೇರಿತು. ಮನುಷ್ಯ ಕಟ್ಟಿದ ಕೆರೆಯನ್ನು ಹಕ್ಕಿಗಳು ತಮ್ಮದೆಂದು ಒಪ್ಪಿಕೊಳ್ಳಲು ಅವಕ್ಕೆ ಬೇಕಾದದ್ದು ತಿಳಿನೀರು, ಮೇವು, ಕಲ್ಲು ಹೊಡೆಯದ ಜನ. ಅಷ್ಟನ್ನು ನಮ್ಮ ಮೂರು ಊರುಗಳೂ ಕೊಡಬಲ್ಲವು.

ಮಾಡಬೇಕಾದ ಮೊದಲ ಕೆಲಸಕ್ಕೆ ದುಡ್ಡು ಬೇಕಿಲ್ಲ. ಒಂದು ಮಳೆಗಾಲ, ಒಂದು ಬೇಸಿಗೆ ಊರಿನ ಗಟಾರದ ಜಾಡು ಹಿಡಿದು ನಡೆಯಬೇಕು, ಘೋಷ್ ನಡೆದ ಹಾಗೆ. ಶಾಲೆಯ ಮಕ್ಕಳನ್ನೂ ಮೇಷ್ಟರನ್ನೂ ಜೊತೆಗೆ ಕರೆದುಕೊಳ್ಳಬೇಕು. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಆಪು ಎದ್ದಿದೆ, ಯಾವ ಹಕ್ಕಿ ಬಂದು ಕೂರುತ್ತದೆ ಎಂದು ಬರೆದಿಡಬೇಕು. ಆಪು ತಾನಾಗಿ ಎದ್ದ ಜಾಗವೇ ಜೌಗಿಗೆ ತಕ್ಕ ಜಾಗ. ಅದನ್ನು ಪುರಸಭೆಯ ನಕ್ಷೆಯಲ್ಲಿ ಕೆರೆಯ ಜಾಗವೆಂದು ಗುರುತು ಮಾಡಿಸಬೇಕು. ಎರಡನೆಯ ಕೆಲಸ ಆ ಜಾಗಕ್ಕೆ ಕಸ, ಕಟ್ಟಡದ ಮಣ್ಣು ಬೀಳದಂತೆ ತಡೆಯುವುದು. ಮೂರನೆಯದು, ಘಟಕದ ಯೋಜನೆ ಬಂದ ದಿನ ಎದ್ದುನಿಂತು, ಘಟಕದ ಮುಂದೆ ಜೊಂಡಿನ ಹಾಸು ಎಲ್ಲಿ ಎಂದು ಕೇಳುವುದು.

ಕಾಲಕಾಲೇಶ್ವರನ ಬೆಟ್ಟದ ಮೇಲೆ ಬೇರಿನಿಂದ ಇಳಿಯುವ ನೀರಿಗೆ ನಾವು ಕೈಮುಗಿಯುತ್ತೇವೆ. ಊರ ತಗ್ಗಿನಲ್ಲಿ ಬೇರಿನ ನಡುವೆ ಹಾಯ್ದು ತಿಳಿಯಾಗಿ ಹೊರಡುವ ನೀರಿಗೂ ಅಷ್ಟೇ ಗೌರವ ಸಲ್ಲಬೇಕು. ಮಲಪ್ರಭೆಯ ನೀರು ಬೇಕೆಂದು ಹೋರಾಡಿದ ಜನ ನಾವು. ಆ ಹೊಳೆಗೆ ಹಿಂತಿರುಗುವ ನೀರನ್ನು ತೊಳೆದು ಕಳಿಸುವುದೂ ನಮ್ಮ ಹೊಣೆ.